ಕಣ್ಣು ರಸ್ತೆ ಮೇಲಿರಲಿ

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬಂದು ಇಳಿಯುವ ಹಾಗೆ ನನ್ನ ಪಾಲಿಗೆ ಫಜೀತಿಗಳು ಬಂದು ಇಳಿಯುತ್ತವೆ. ನಾನಾಗಿ ಕರೆದದ್ದು ಒಂದೂ ಇಲ್ಲ. ನನ್ನ ಗಂಡನನ್ನು ಕೇಳಿದರೆ ಮಾತ್ರ ಬೇರೆಯೇ ಹೇಳುತ್ತಾರೆ. "ನಿಂಗೆ ಕೂತ ಕಡೆ ಕೂರೋಕಾಗಲ್ಲ, ನೋಡಿದ್ದನ್ನ ಬಿಡೋಕಾಗಲ್ಲ. ಇನ್ನೇನಾಗುತ್ತೆ?" ಅಷ್ಟು ಸುಳ್ಳೂ ಅಲ್ಲ ಬಿಡಿ.

ಮಂಡ್ಯದ ಕಡೆಯವಳು ನಾನು. ಮದುವೆಯಾಗಿ ಮಿಲ್ಪಿಟಾಸ್‌ಗೆ ಬಂದು ಎಂಟು ವರ್ಷವಾಯಿತು. ಗಂಡನ ವೀಸಾದ ಬಾಲ ಹಿಡಿದು ಬಂದವಳಿಗೆ ಕೆಲಸ ಮಾಡುವ ಅನುಮತಿ ಇರಲಿಲ್ಲ, ಕಾರು ಓಡಿಸಲು ಬರುತ್ತಿರಲಿಲ್ಲ. ಬೆಳಿಗ್ಗೆ ಅವರು ಮೌಂಟನ್ ವ್ಯೂಗೆ ಆಫೀಸಿಗೆ, ಮಗಳು ಸ್ಕೂಲಿಗೆ ಹೊರಟರೆ ಅಪಾರ್ಟ್‌ಮೆಂಟಿನಲ್ಲಿ ಉಳಿಯುವುದು ನಾನು ಮತ್ತು ಫ್ರಿಜ್ಜು. ಅದೂ ಗುಂಯ್ ಅನ್ನುತ್ತಿತ್ತು, ನಾನೂ ಅನ್ನುತ್ತಿದ್ದೆ. ಈ ಕಿಟಕಿಯಿಂದ ಆ ಕಿಟಕಿಗೆ ಎಷ್ಟು ಸಲ ಅಂತ ಓಡಾಡುವುದು? ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದೆ.

ಇಲ್ಲಿ ನಡೆಯುವವರು ಎರಡೇ ಬಗೆ. ನಾಯಿ ಇರುವವರು, ಕಾರು ಕೆಟ್ಟವರು. ನಾಯಿಯೂ ಇಲ್ಲದೆ ಕೆಟ್ಟ ಕಾರೂ ಇಲ್ಲದೆ ನಡೆಯುವ ನನ್ನನ್ನು ಕಂಡು ಪಾಪ, ಎಷ್ಟೋ ಜನ ಗಾಡಿ ನಿಲ್ಲಿಸಿ "ಸಹಾಯ ಬೇಕಾ?" ಎಂದು ಕೇಳಿದ್ದುಂಟು. ನನಗೇನೂ ಬೇಕಿರಲಿಲ್ಲ. ಬಟ್ಟೆ ಒಗೆಯುವ ಅಂಗಡಿಯಲ್ಲಿ ಬೆಡ್‌ಶೀಟಿನ ಎರಡು ತುದಿ ಹಿಡಿದು ಮಡಚುವ ಗಂಡ ಹೆಂಡತಿ, ಗ್ಯಾರೇಜಿನ ಬಾಗಿಲು ಎತ್ತಿಟ್ಟು ಚದುರಂಗ ಆಡುವ ವಿಯೆಟ್ನಾಂ ತಾತಂದಿರು, ಫ್ರೀವೇ ಸೇತುವೆಯ ಅಡಿಯಲ್ಲಿ ಮಣ್ಣಿನ ಗೂಡು ಕಟ್ಟುವ ಹಕ್ಕಿಗಳು, ಇವನ್ನೆಲ್ಲ ನೋಡಿಕೊಂಡು ಬರುತ್ತಿದ್ದೆ. ಗಂಡನಿಗೆ ಹೇಳಿದರೆ, "ನೋಡೋಕೆ ಏನಿದೆ ಅಲ್ಲಿ? ಬರೀ ಪಾರ್ಕಿಂಗ್ ಲಾಟು" ಎನ್ನುತ್ತಿದ್ದರು.

ಈ ವರ್ಷ ಕೊನೆಗೂ ಕೆಲಸದ ಅನುಮತಿ ಬಂತು. ಲಾಸ್ ಗ್ಯಾಟೋಸ್‌ನ ಒಂದು ಶಿಶುವಿಹಾರದಲ್ಲಿ ಸಹಾಯಕ ಟೀಚರ್ ಕೆಲಸವೂ ಕುದುರಿತು. ಬೆಳಿಗ್ಗೆ ಏಳೂವರೆಗೆ ಅಲ್ಲಿರಬೇಕು. ಬಸ್ಸು ರೈಲು ಹಿಡಿದು ಹೊರಟರೆ ನಾನು ತಲುಪುವಷ್ಟರಲ್ಲಿ ಮಕ್ಕಳು ಊಟ ಮಾಡಿ ಮಲಗಿರುತ್ತವೆ. ಅಲ್ಲಿನ ದೊಡ್ಡ ಮೇಡಂ ನಗುನಗುತ್ತಲೇ ಹೇಳಿದರು: "ಆಗಸ್ಟಿನಲ್ಲಿ ಶಾಲೆ ಶುರುವಾಗೋ ಸೋಮವಾರ ಲೈಸೆನ್ಸ್ ತಗೊಂಡು ಬನ್ನಿ. ಆಗದಿದ್ದರೆ ಬೇಜಾರಿಲ್ಲ, ಪಟ್ಟಿಯಲ್ಲಿ ಇನ್ನೊಬ್ಬರಿದ್ದಾರೆ." ಆ ಇನ್ನೊಬ್ಬರು ಯಾರೋ ಗೊತ್ತಿಲ್ಲ, ಆದರೆ ಮೂರು ತಿಂಗಳು ಅವರ ಮುಖ ನನ್ನ ಕಣ್ಣ ಮುಂದೆಯೇ ಇತ್ತು.

ಡ್ರೈವಿಂಗ್ ಟೆಸ್ಟಿಗೆ ಒಂದು ಅರ್ಜಿಗೆ ಮೂರೇ ಅವಕಾಶ. ಮೂರರಲ್ಲೂ ಫೇಲಾದರೆ ಮತ್ತೆ ಮೊದಲಿನಿಂದ. ಅಂದರೆ ಮತ್ತೆ ಫ್ರಿಜ್ಜು.

೧. ಮಂಜಿನೊಳಗಿನ ಕೆಂಪು ಕಂಬ

ನನ್ನ ಕಣ್ಣಿನ ಮೇಲೆ ಗಂಡನಿಗೆ ನಂಬಿಕೆ ಹೋದದ್ದು ಮಾರ್ಚಿನಲ್ಲಿ, ಅವರ ಚಿಕ್ಕಪ್ಪ ಚಿಕ್ಕಮ್ಮ ಬೆಂಗಳೂರಿನಿಂದ ಬಂದಾಗ.

ಶನಿವಾರ ಅವರನ್ನು ಗೋಲ್ಡನ್ ಗೇಟ್ ಸೇತುವೆಗೆ ಕರೆದುಕೊಂಡು ಹೋದರೆ ಆವತ್ತು ಮಂಜು. ಸೇತುವೆ ಮೇಲೆ ನಿಂತು ಸೇತುವೆ ಎಲ್ಲಿ ಎಂದು ಕೇಳುವಷ್ಟು ಮಂಜು. ಚಿಕ್ಕಪ್ಪ ಹದಿನಾಲ್ಕು ಫೋಟೋ ತೆಗೆದರು. ಹದಿನಾಲ್ಕೂ ಬೆಳ್ಳಗೆ, ಸುಣ್ಣ ಬಳಿದ ಗೋಡೆ. ಸೋಮವಾರ ಗಂಡ ಆಫೀಸಿಗೆ ಹೋದ ಮೇಲೆ ಚಿಕ್ಕಪ್ಪ ಸೋಫಾದಲ್ಲಿ ಮುಖ ಸಣ್ಣ ಮಾಡಿಕೊಂಡು ಕೂತರು. ನನಗೆ ತಡೆಯಲಾಗಲಿಲ್ಲ.

"ಬನ್ನಿ ಚಿಕ್ಕಪ್ಪ, ಒಂದು ಜಾಗ ತೋರಿಸ್ತೀನಿ. ಎರಡೇ ಬೀದಿ."

ಕರೆದುಕೊಂಡು ಹೋದದ್ದು ಕಾರು ತೊಳೆಯುವ ಜಾಗಕ್ಕೆ. ಒಂದು ಬದಿಗೆ ಉದ್ದಕ್ಕೂ ಗಾಜಿನ ಗೋಡೆ. ಕೊಳೆ ಕಾರು ಆ ತುದಿಯಿಂದ ತಾನಾಗಿ ತೆವಳಿಕೊಂಡು ಬರುತ್ತದೆ. ಮೇಲಿನಿಂದ ನೊರೆ ಸುರಿಯುತ್ತದೆ. ಕೆಂಪು ಕೆಂಪು ಬ್ರಶ್ಶುಗಳು ಗಿರಗಿರ ತಿರುಗುತ್ತ ಅದರ ಮೈ ಉಜ್ಜುತ್ತವೆ. ಚಿಕ್ಕಪ್ಪ ಮುಕ್ಕಾಲು ಗಂಟೆ ಗಾಜಿಗೆ ಮೂಗು ಒತ್ತಿಕೊಂಡು ನಿಂತರು.

"ಎಮ್ಮೆ ಮೈ ತೊಳೆದ ಹಾಗೇ ಇದೆ ಕಣಮ್ಮ!" ಎಂದರು. ಚಿಕ್ಕಮ್ಮ, "ಎಮ್ಮೆ ಇಷ್ಟು ಸುಮ್ನೆ ನಿಲ್ಲುತ್ತಾ?" ಎಂದರು. ಇಬ್ಬರೂ ಖುಷಿಯಾಗಿ ಮನೆಗೆ ಬಂದರು.

ಎರಡು ದಿನ ಬಿಟ್ಟು ಗಂಡ ಫೋನು ಹಿಡಿದುಕೊಂಡು ಅಡಿಗೆಮನೆಗೆ ಬಂದರು. ಚಿಕ್ಕಪ್ಪ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದ್ದರು. ತುಂಬ ಬಿಳಿ ನೊರೆ, ಅದರ ನಡುವೆ ನೆಟ್ಟಗೆ ನಿಂತ ಒಂದು ಕೆಂಪು ಬ್ರಶ್ಶು. ಕೆಳಗೆ ಬರೆದದ್ದು: "ಮಂಜಿನಲ್ಲಿ ಗೋಲ್ಡನ್ ಗೇಟ್." ಇಡೀ ಬಳಗ ಕೈಮುಗಿದಿತ್ತು. ಮೈಸೂರಿನ ಒಬ್ಬ ಎಂಜಿನಿಯರ್ ಭಾವ ಮಾತ್ರ ಕೇಳಿದ್ದರು: "ಕಂಬಕ್ಕೆ ಕೂದಲು ಯಾಕಿದೆ?"

೨. ಸ್ಟೂಲು

ನನ್ನ ಜೊತೆ ನಡೆಯಲು ಏಪ್ರಿಲಿನಲ್ಲಿ ಒಬ್ಬರು ಸಿಕ್ಕರು. ಕೆಳಗಿನ ಮನೆಯವರ ತಾಯಿ, ಆರು ತಿಂಗಳಿಗೆಂದು ಹುಬ್ಬಳ್ಳಿಯಿಂದ ಬಂದ ಅಜ್ಜಿ. ಅವರಿಗೂ ನನ್ನದೇ ರೋಗ. "ಮನ್ಯಾಗ ಕುಂತು ಕುಂತು ಕಾಲು ಜೋಮು ಹಿಡದಾವು, ನಡಿಯವಾ ಹೋಗೂಣು" ಎಂದು ಆರೂವರೆಗೇ ಬಾಗಿಲು ತಟ್ಟುತ್ತಿದ್ದರು.

ನಮ್ಮ ದಾರಿಯಲ್ಲಿ ಮೊದಲು ಸಿಗುವುದು ಟೈರ್ ಅಂಗಡಿ. ಅಲ್ಲಿನ ಮೆಕ್ಸಿಕೊದ ಯಜಮಾನರು ಹಳೆಯ ಟೈರುಗಳನ್ನು ಒಂದರ ಮೇಲೊಂದು ಪೇರಿಸಿ, ಒಳಗೆ ಮಣ್ಣು ತುಂಬಿ, ಟೊಮ್ಯಾಟೊ ಗಿಡ ಹಾಕಿದ್ದರು. ದಿನಾ ನಿಂತು ಅದರ ಯೋಗಕ್ಷೇಮ ವಿಚಾರಿಸಿ ಮುಂದೆ ಹೋಗುತ್ತಿದ್ದೆವು. ಯಜಮಾನರು ಒಳಗಿನಿಂದಲೇ ಕೈ ಬೀಸುತ್ತಿದ್ದರು.

ಆಮೇಲೆ ಸಿಗುವುದು ಮೂಲೆ ಮನೆಯ ದೊಡ್ಡ ಕಣಗಿಲೆ ಪೊದೆ. ಬೆಳಗಿನ ವಾಕಿಂಗಿಗೆ ಹೋದವರು ಬೇರೆಯವರ ಕಾಂಪೌಂಡಿನ ಹೂವು ಕಿತ್ತು ತರುವುದು ನಮ್ಮ ಜನಕ್ಕೆ ಹುಟ್ಟಿನಿಂದ ಬಂದ ಹಕ್ಕು. ಅಜ್ಜಿ ಅದನ್ನು ಹುಬ್ಬಳ್ಳಿಯಿಂದ ಪಾಸ್‌ಪೋರ್ಟಿನ ಜೊತೆಗೇ ತಂದಿದ್ದರು. "ಇಷ್ಟು ಕಣಗಲ ಹೂವು ಬಿಟ್ಟೈತಿ, ಒಬ್ಬರೂ ಹರಕೊಳ್ಳಂಗಿಲ್ಲ. ದೇವರು ಏನ್ ಅಂದಾನು?" ಎಂದು ಸೆರಗಿಗೆ ತುಂಬಿಕೊಳ್ಳುವರು. ನಾನು ಆಚೆ ಈಚೆ ನೋಡುತ್ತ ಕಾವಲು ನಿಲ್ಲುವುದು.

ಒಂದು ಬೆಳಿಗ್ಗೆ ಮನೆಯ ಬಾಗಿಲು ತೆರೆಯಿತು. ಬಿಳಿ ಕೂದಲಿನ ಒಬ್ಬ ಅಮೆರಿಕನ್ ಹೆಂಗಸು ಹೊರಬಂದರು. ವೀಸಾ, ಪೊಲೀಸು, ಏನೇನೋ ತಲೆಗೆ ಬಂತು.

"ಅದು ವಿಷದ ಗಿಡ, ಅವರಿಗೆ ಹೇಳಿ!" ಎಂದು ಆಕೆ ಗಾಬರಿಯಿಂದ ಕೂಗಿದರು. ನಾನು ಅಜ್ಜಿಗೆ ಹೇಳಿದೆ.

"ಶಿವ ವಿಷಾನ ಕುಡದಾನವಾ, ಇದು ಯಾವ ಲೆಕ್ಕ? ನಾ ಏನ್ ಪಲ್ಯ ಮಾಡ್ತೀನಂತ ತಿಳದಾಳೇನು ಆಕಿ?" ಎಂದ ಅಜ್ಜಿ, ಸೆರಗಿನಿಂದ ಒಳ್ಳೆಯದೊಂದು ಹೂವು ಆರಿಸಿ, ಸೀದಾ ಹೋಗಿ, ಆಕೆಯ ಹೂವನ್ನೇ ಆಕೆಯ ಕಿವಿಯ ಹಿಂದೆ ಮುಡಿಸಿ ಬಂದರು. ಆಕೆ ಕೆಂಪಗಾಗಿ, ತಲೆ ಮುಟ್ಟಿಕೊಳ್ಳುತ್ತ ಒಳಗೆ ಹೋದರು.

ಇನ್ನು ಈ ಬೀದಿಗೆ ಬರುವ ಹಾಗಿಲ್ಲ ಎಂದುಕೊಂಡೆ. ಮರುದಿನ ನೋಡಿದರೆ ಪೊದೆಯ ಪಕ್ಕ ಒಂದು ಸ್ಟೂಲು ಇಟ್ಟಿತ್ತು. ಮೇಲಿನ ಕೊಂಬೆ ಅಜ್ಜಿಗೆ ಎಟುಕಲಿ ಎಂದು.

೩. ಮೇಷ್ಟ್ರು

ಹೆಂಡತಿಗೆ ಡ್ರೈವಿಂಗ್ ಕಲಿಸುವ ಗಂಡಸರ ಬಗ್ಗೆ ನನಗೆ ಮರುಕವಿದೆ. ಆದರೆ ಕಲಿಯುವ ಹೆಂಡತಿಯರ ಬಗ್ಗೆ ಇರುವಷ್ಟಿಲ್ಲ.

ನನ್ನ ಗಂಡ ಆಫೀಸಿನಲ್ಲಿ ಮ್ಯಾನೇಜರು. ಪ್ರತಿ ಭಾನುವಾರದ ಪಾಠಕ್ಕೂ ನನಗೆ ಮೀಟಿಂಗ್ ಇನ್ವೈಟು ಕಳಿಸುತ್ತಿದ್ದರು. ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿದು ತುಳಿದು ಕಾಲಡಿಯ ಮ್ಯಾಟು ಸವೆಸಿದರು. ಅವರ ಪಾಠದಲ್ಲಿ ಇದ್ದದ್ದು ಒಂದೇ ವಾಕ್ಯ: "ಕಣ್ಣು ರಸ್ತೆ ಮೇಲಿರಲಿ."

ಇಡಬಾರದು ಅಂತ ನನಗೇನು ಹಟವೇ? ಆದರೆ ಬಸ್ ಸ್ಟಾಪಿನ ಹತ್ತಿರ ಒಂದು ಅನಾಥ ಶಾಪಿಂಗ್ ಗಾಡಿ, ಅದರೊಳಗೆ ಯಾರೋ ಕೂರಿಸಿ ಹೋದ ಗುಲಾಬಿ ಕುಂಡ. ಕುಂಡಕ್ಕೆ ಬಿಸಿಲು ತಾಗದಿರಲಿ ಎಂದು ಮೇಲೊಂದು ಛತ್ರಿ. ಯಾರು ಇಟ್ಟರು? ಯಾವ ಬಸ್ಸಿಗೆ ಕಾಯುತ್ತಿದೆ ಅದು? ನೋಡದೆ ಹೋಗುವುದು ಹೇಗೆ?

"ಅಮ್ಮಾ ಈಸ್ ಲುಕಿಂಗ್ ಎಟ್ ಸಮ್‌ಥಿಂಗ್ ಅಗೇನ್," ಎಂದು ಹಿಂದಿನ ಸೀಟಿನಿಂದ ಏಳು ವರ್ಷದ ಮಗಳು ವರದಿ ಒಪ್ಪಿಸುವಳು.

"ಕಣ್ಣು!" ಎಂದು ಗಂಡ.

"ರೀ, ಛತ್ರಿ ನೋಡ್ರೀ ಪಾಪ..."

"ರಸ್ತೆ!"

"ನೀವೂ ಒಂದ್ಸಲ ನೋಡ್ರೀ."

"ನಾನು ಏಳು ವರ್ಷದಿಂದ ಇದೇ ಊರಲ್ಲಿ ಡ್ರೈವ್ ಮಾಡ್ತಿದೀನಿ. ಒಂದು ಟಿಕೆಟ್ಟಿಲ್ಲ, ದಂಡ ಇಲ್ಲ. ಯಾಕೆ ಹೇಳು? ನಾನು ಏನನ್ನೂ ನೋಡಲ್ಲ."

ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

೪. ಮೊದಲ ಟೆಸ್ಟು

ಟೆಸ್ಟು ತೆಗೆದುಕೊಳ್ಳುವ ಆಫೀಸು ನಮ್ಮ ಮನೆಯಿಂದ ಒಂದೂವರೆ ಮೈಲಿ. ಪರೀಕ್ಷಕರು ತೆಳ್ಳಗಿನ, ಉದ್ದನೆಯ, ನಗದ ಮನುಷ್ಯ. ಕೈಯಲ್ಲಿ ಹಲಗೆ, ಅದರ ಮೇಲೆ ಹಾಳೆ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಹೇಳುತ್ತ ಹೋದರು. ಅವರು ಹೇಳಿದ ಹಾಗೆ ನಾನು ಮಾಡುತ್ತ ಹೋದೆ. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು, ಟೈರ್ ಅಂಗಡಿಯ ರಸ್ತೆಗೆ ಬರುವ ತನಕ.

ಮೂರು ದಿನ ಟೆಸ್ಟಿನ ಹೆದರಿಕೆಯಲ್ಲಿ ನಾನು ವಾಕಿಂಗು ಹೋಗಿರಲಿಲ್ಲ. ಅಷ್ಟರಲ್ಲಿ ಟೊಮ್ಯಾಟೊ ಕಾಯಿ ಬಿಟ್ಟಿತ್ತು! ನಾಲ್ಕು ಹಸಿರು ಕಾಯಿ. ನಾನು ಕತ್ತು ತಿರುಗಿಸಿದೆ. ಕತ್ತು ತಿರುಗಿದ ಕಡೆ ಕೈ ತಿರುಗಿತು, ಕೈ ತಿರುಗಿದ ಕಡೆ ಕಾರು ತಿರುಗಿತು. ಸಿಗ್ನಲ್ ಮಾತ್ರ ಸರಿಯಾಗಿ ಹಾಕಿದ್ದೆ, ಅದನ್ನು ಪರೀಕ್ಷಕರೂ ಒಪ್ಪಿದರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಾವು ಅಂಗಡಿಯ ಒಳಗಿದ್ದೆವು.

"ಮೇಡಂ, ಇದು ನಮ್ಮ ರೂಟಿನಲ್ಲಿಲ್ಲ," ಎಂದರು ಪರೀಕ್ಷಕರು.

ನಾನು ಉತ್ತರ ಹುಡುಕುವ ಮೊದಲೇ ಅಂಗಡಿ ಯಜಮಾನರು ಓಡಿ ಬಂದರು. ತಿಂಗಳುಗಟ್ಟಲೆ ಕಾಲ್ನಡಿಗೆಯಲ್ಲಿ ಬಂದು ಬರೀ ಗಿಡ ನೋಡಿ ಹೋಗುತ್ತಿದ್ದವಳು ಕೊನೆಗೊಂದು ಕಾರು ತಂದಳಲ್ಲ ಎಂಬ ಸಂತೋಷ ಅವರಿಗೆ. ನಾವು ಬೇಡ ಬೇಡ ಎನ್ನುತ್ತಿರುವಾಗಲೇ ಜ್ಯಾಕು ತಂದು ಮುಂದಿನ ಚಕ್ರವನ್ನು ನೆಲದಿಂದ ಎತ್ತಿಬಿಟ್ಟರು. ಪರೀಕ್ಷಕರು ಹಲಗೆ ಹಿಡಿದುಕೊಂಡು ಓರೆಯಾಗಿ ಕೂತಿದ್ದರು.

ಹತ್ತು ನಿಮಿಷ ಬಿಟ್ಟು ಯಜಮಾನರು ಕಿಟಕಿಗೆ ಬಂದು, "ನಾಲ್ಕೂ ಚೆನ್ನಾಗಿವೆ, ಬದಲಾಯಿಸೋದು ಬೇಡ" ಎಂದು ಪ್ರಾಮಾಣಿಕವಾಗಿ ಹೇಳಿದರು. ಆವತ್ತು ಪಾಸಾದದ್ದು ಟೈರುಗಳು ಮಾತ್ರ.

೫. ಎರಡನೇ ಟೆಸ್ಟು

ಜುಲೈನಲ್ಲಿ ಎರಡನೇ ಸಲ ಹೋದರೆ ಅದೇ ಪರೀಕ್ಷಕರು. ನನ್ನನ್ನು ನೋಡಿ ಮೊದಲು ಟೈರು ನೋಡಿದರು.

ಈ ಸಲ ಕಣ್ಣು ರಸ್ತೆ ಮೇಲೇ ಇತ್ತು. ಆಣೆ ಮಾಡಿ ಹೇಳುತ್ತೇನೆ. ಆದರೆ ಎಂಟು ವರ್ಷ ನಡೆದವಳಿಗೆ ರಸ್ತೆಯ ಮೇಲೆ ಕಾಣುವುದು ಕಾರುಗಳಲ್ಲ, ದಾಟಲು ಕಾಯುವ ಜನ. ಬಿಳಿ ಪಟ್ಟೆಯ ಪಕ್ಕ ಒಬ್ಬ ಚೀನೀ ಅಜ್ಜಿ ಕೈಯಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದಾರೋ! ನಿಲ್ಲಿಸಿದೆ. ದಾಟಿ ಎಂದು ಕೈ ತೋರಿದೆ.

ಆಕೆ ಬೇಡ ಎಂದು ಕೈ ಆಡಿಸಿದರು. ಸಂಕೋಚದ ಹೆಂಗಸು, ಪಾಪ. ನಮ್ಮ ಮನೆಗಳಲ್ಲಿ ಮೊದಲ ಸಲ ಬಡಿಸಲು ಹೋದಾಗ ಯಾರು ತಾನೇ ಬೇಡ ಎನ್ನುವುದಿಲ್ಲ? ನಾನು ಇನ್ನೊಮ್ಮೆ ಕೈ ತೋರಿದೆ. ಆಕೆ ಮತ್ತೆ ಬೇಡ ಎಂದರು. ನಾನು ಎರಡೂ ಕೈ ಎತ್ತಿ ಉಪಚಾರ ಮಾಡಿದೆ. ಸ್ಟೀರಿಂಗ್ ಮೇಲೆ ಒಂದಾದರೂ ಕೈ ಇರಬೇಕು ಎಂದು ಪರೀಕ್ಷಕರು ಕೆಮ್ಮಿದರು. ಹಿಂದೆ ಐದಾರು ಕಾರು ನಿಂತವು. ಕೊನೆಗೆ ಆಕೆ ನಿಟ್ಟುಸಿರು ಬಿಟ್ಟು, ನನಗೆ ತಲೆಬಾಗಿ, ರಸ್ತೆ ದಾಟಿದರು.

ಆ ಕಡೆ ಮುಟ್ಟಿದ್ದೇ ತಡ, ಈ ಕಡೆ ಬಸ್ಸು ಬಂತು. ಆಕೆ ಕಾದು ನಿಂತದ್ದು ಅದಕ್ಕೆ. ಸ್ಟಾಪಿನಲ್ಲಿ ಯಾರೂ ಇಲ್ಲ ಎಂದು ಬಸ್ಸು ನಿಲ್ಲದೆ ಹೋಯಿತು. ಎಲ್ಲ ನನ್ನಿಂದಲೇ ಆಯಿತಲ್ಲ! ಮತ್ತೆ ಈ ಕಡೆಗಾದರೂ ಬರಲಿ ಎಂದು ನಿಂತಲ್ಲೇ ನಿಂತು ಇನ್ನೊಂದು ಸಲ ಕೈ ತೋರಿದೆ. ಆಕೆ ಮತ್ತೊಮ್ಮೆ ತಲೆಬಾಗಿ ವಾಪಸ್ ದಾಟಿದರು. ಪರೀಕ್ಷಕರು ಬರೆಯುತ್ತಲೇ ಇದ್ದರು, ಹಾಳೆಯ ಹಿಂಬದಿಗೂ ಹೋದರು.

ಆಫೀಸಿಗೆ ವಾಪಸ್ ಬರುವ ದಾರಿಯೂ ಅದೇ. ಆಕೆ ಇನ್ನೂ ಅಲ್ಲೇ ಮುಂದಿನ ಬಸ್ಸಿಗೆ ಕಾಯುತ್ತಿದ್ದರು. ದೂರದಿಂದ ನನ್ನ ಕಾರು ಕಂಡದ್ದೇ, ಚೀಲ ಎತ್ತಿಕೊಂಡು ಕಂಬದ ಹಿಂದೆ ಅಡಗಿಕೊಂಡರು.

೬. ಕೆಂಪು ತಾಟು

ಎರಡು ಹೋಯಿತು, ಉಳಿದದ್ದು ಒಂದು. ಶಾಲೆ ಶುರುವಾಗಲು ಎರಡು ವಾರ. ಮೂರನೇ ಟೆಸ್ಟು ಅದರ ಹಿಂದಿನ ಗುರುವಾರ ಸಿಕ್ಕಿತು.

ಆ ದಿನಗಳಲ್ಲಿ ನನಗೆ ನಗು ಬರುತ್ತಿರಲಿಲ್ಲ. ಲಾಸ್ ಗ್ಯಾಟೋಸ್‌ನ ಆ ಪುಟ್ಟ ಕುರ್ಚಿಗಳು, ಗೋಡೆಯ ಮೇಲೆ ಮಕ್ಕಳ ಬಣ್ಣದ ಅಂಗೈ ಗುರುತುಗಳು, ನನ್ನ ಹೆಸರು ಬರೆಯಲು ಖಾಲಿ ಬಿಟ್ಟಿದ್ದ ಒಂದು ಚೀಟಿ, ಇವೇ ಕಣ್ಣಿಗೆ ಕಟ್ಟುತ್ತಿದ್ದವು. ನನಗೆ ಆ ಕೆಲಸ ಬೇಕಿತ್ತು. ತುಂಬ ಬೇಕಿತ್ತು. ಗಂಡ, "ಈ ಸಲ ಆಗದಿದ್ರೆ ಮುಂದಿನ ವರ್ಷ ನೋಡೋಣ ಬಿಡು" ಎಂದು ಸಮಾಧಾನ ಹೇಳಿದರೆ ಪಾತ್ರೆ ಕುಕ್ಕುತ್ತಿದ್ದೆ. ಮುಂದಿನ ವರ್ಷವಂತೆ!

ಮನೆಯಲ್ಲಿ ಇರಲಾಗದೆ ದಿನಕ್ಕೆ ಎರಡು ಸಲ ವಾಕಿಂಗು ಶುರುವಾಯಿತು. ಅಜ್ಜಿಗೂ ಅದು ಗೊತ್ತಾಗಿತ್ತು. "ಚಿಂತಿ ಮಾಡಬ್ಯಾಡವಾ, ಮುತ್ತೈದಿ ಹೂವು ಹಿಡಕೊಂಡು ಎದುರಿಗೆ ಬಂದರ ಕೆಲಸ ಆಗತೈತಿ. ನಾ ಬರ್ತೀನಿ" ಎಂದರು. ಅವರ ಯಜಮಾನರು ಕೆಳಗಿನ ಮನೆಯಲ್ಲಿ ಟಿವಿ ನೋಡುತ್ತ ಕ್ಷೇಮವಾಗಿದ್ದರು. ನಾನು ಆಯಿತು ಎಂದು ಸುಮ್ಮನಾದೆ.

ಒಂದು ಬೆಳಿಗ್ಗೆ ಅಜ್ಜಿ ಕಣಗಿಲೆಯ ಸ್ಟೂಲು ಹತ್ತಿ ಮೇಲಿನ ಕೊಂಬೆಗೆ ಕೈ ಹಾಕಿದರು. ನಾನು ಸ್ಟೂಲು ಹಿಡಿದು ನಿಂತಿದ್ದೆ.

"ಯವ್ವಾ, ಇಲ್ಲೊಂದು ಕೆಂಪು ತಾಟು ಐತಿ ನೋಡು."

"ತಟ್ಟೇನಾ? ಗಿಡದಲ್ಲಿ ಯಾಕಿರುತ್ತೆ ಅಜ್ಜಿ?"

"ಎಂಟು ಮೂಲಿ ತಾಟು. ಬರದಾರ ಏನೋ."

ಅವರನ್ನು ಇಳಿಸಿ ನಾನು ಹತ್ತಿದೆ. ಎಲೆ ಸರಿಸಿದರೆ ಸ್ಟಾಪ್ ಸೈನು; ಅದರ ಮುಂದೆ ಕಾರು ಪೂರ್ತಿ ನಿಲ್ಲಿಸದೆ ಹೋದರೆ ಟೆಸ್ಟಿನಲ್ಲಿ ಅಲ್ಲೇ ಫೇಲು. ಎರಡೂವರೆ ಆಳೆತ್ತರದ ಕಣಗಿಲೆ ಅದನ್ನು ಪೂರ್ತಿ ನುಂಗಿ ಹಾಕಿತ್ತು. ಕೆಳಗೆ ಬಿಳಿ ಗೆರೆ ಇದ್ದದ್ದೂ ಅಳಿಸಿ ಹೋಗಿತ್ತು. ನಾಲ್ಕು ತಿಂಗಳು ಇಲ್ಲೇ ಕಾವಲು ನಿಂತಿದ್ದೇನೆ, ಒಂದು ಕಾರೂ ಇಲ್ಲಿ ನಿಂತದ್ದನ್ನು ನಾನು ನೋಡಿರಲಿಲ್ಲ. ನನ್ನ ಟೆಸ್ಟಿನ ರೂಟಿನಲ್ಲಿ ಈ ಬೀದಿಯೂ ಇತ್ತು. ಎರಡು ಸಲವೂ ನಾನು ಇಲ್ಲಿಗೆ ಬರುವ ಮೊದಲೇ ಫೇಲಾಗಿದ್ದೆನಾದ್ದರಿಂದ ಸಿಕ್ಕಿಬಿದ್ದಿರಲಿಲ್ಲ, ಅಷ್ಟೆ.

ಮನೆಯಾಕೆಯನ್ನು ಕರೆದು ತೋರಿಸಿದೆ. ಆಕೆ ಬಾಯಿ ಮೇಲೆ ಕೈ ಇಟ್ಟುಕೊಂಡು, ಇವತ್ತೇ ಆಳು ಕರೆಸಿ ಪೊದೆ ಕತ್ತರಿಸುತ್ತೇನೆ ಎಂದರು. ಅಜ್ಜಿಗೆ ಅದನ್ನು ಹೇಳಿದ್ದೇ ತಪ್ಪಾಯಿತು. ಸ್ಟೂಲಿನ ಮೇಲೆ ಕೂತುಬಿಟ್ಟರು. "ಹೂವಿನ ಗಿಡ ಕಡೀತಾರೇನವಾ? ನಾ ಕಟ್ಟತೀನಿ ತಡಿ." ತಮ್ಮ ಹಳೇ ಇಳಕಲ್ ಸೀರೆಯ ಅಂಚು ಹರಿದು ತಂದು, ಅಡ್ಡ ಬಂದ ಕೊಂಬೆಗಳನ್ನೆಲ್ಲ ಹಿಂದಕ್ಕೆ ಎಳೆದು ಜಡೆ ಹಾಕಿ ಬಿಗಿದರು. ಕೆಂಪು ತಾಟು ಹೊರಗೆ ಬಂತು. ಅಮೆರಿಕದಲ್ಲಿ ಇಳಕಲ್ ಅಂಚು ಕಟ್ಟಿಸಿಕೊಂಡ ಸ್ಟಾಪ್ ಸೈನು ಅದೊಂದೇ ಇರಬೇಕು.

೭. ಮೂರನೇ ಟೆಸ್ಟು

ಗುರುವಾರ ಗಂಡ ರಜೆ ಹಾಕಿದರು. ಮಗಳಿಗೆ ಬೇಸಿಗೆ ರಜೆ, ಅವಳೂ ಬಂದಳು. ಅವರಿಬ್ಬರನ್ನು ಆಫೀಸಿನ ಬೆಂಚಿನ ಮೇಲೆ ಬಿಟ್ಟು ಕಾರಿಗೆ ಬಂದರೆ ಅದೇ ಪರೀಕ್ಷಕರು. ನನ್ನನ್ನು ನೋಡಿ ಆಕಾಶ ನೋಡಿದರು. ಸೀಟ್ ಬೆಲ್ಟನ್ನು ಎರಡು ಸಲ ಎಳೆದು ನೋಡಿಕೊಂಡರು.

ಟೈರ್ ಅಂಗಡಿ ಬಂತು. ನಾನು ಕತ್ತು ತಿರುಗಿಸಲಿಲ್ಲ. ಟೊಮ್ಯಾಟೊ ಏನಾಯಿತೋ ಎಂಬ ಕುತೂಹಲ, ಆದರೂ ತಿರುಗಿಸಲಿಲ್ಲ. ಯಜಮಾನರು ಆಸೆಯಿಂದ ಜ್ಯಾಕು ಹಿಡಿದು ನಿಂತಿದ್ದು ಕಣ್ಣಂಚಿನಲ್ಲಿ ಕಂಡಿತು. ಬಿಳಿ ಪಟ್ಟೆ ಬಂತು. ದೇವರ ದಯೆ, ಚೀನೀ ಅಜ್ಜಿ ಇರಲಿಲ್ಲ.

ಕಣಗಿಲೆ ಬೀದಿಗೆ ತಿರುಗಿದೆ. ತಾಟು ಕಂಡಿತು. ಪೂರ್ತಿ ನಿಲ್ಲಿಸಿ, ಮನಸ್ಸಿನಲ್ಲಿ ಒಂದು ಎರಡು ಮೂರು ಎಣಿಸಿದೆ. ಪರೀಕ್ಷಕರು ಮೊದಲ ಸಲ ತಲೆಯಾಡಿಸಿದರು. ಹೊರಡಬೇಕು, ಅಷ್ಟರಲ್ಲಿ ಪೊದೆಯ ಹಿಂದಿನಿಂದ ಹುಬ್ಬಳ್ಳಿ ಅಜ್ಜಿ ಬಂದರು. ಹಸಿರು ಸೀರೆ, ಕೈತುಂಬ ಬಳೆ, ಕೈಯಲ್ಲಿ ಬುಟ್ಟಿ ತುಂಬ ಕಣಗಿಲೆ. ಹೇಳಿದಂತೆ ಮುತ್ತೈದೆ ಎದುರಿಗೆ ಬಂದಿದ್ದರು.

ದಾಟಿಕೊಂಡು ಹೋಗಿಬಿಟ್ಟಿದ್ದರೆ ಆಗುತ್ತಿತ್ತು. ಅವರು ಕಾರಿನ ಮುಂದೆ ನಟ್ಟನಡುವೆ ಬಂದು ನಿಂತರು. ಬಾನೆಟ್ಟಿನ ಮೇಲೆ ಮೂರು ಹೂವು ಇಟ್ಟರು. ಕಾರಿಗೆ ಕೈಮುಗಿದರು. ಆಮೇಲೆ ಕುಂಕುಮದ ಭರಣಿ ತೆಗೆದು ಹೆಡ್‌ಲೈಟಿನ ಕಡೆ ಬಾಗಿದರು.

"ಈಕೆ ನಿಮಗೆ ಗೊತ್ತಾ?" ಎಂದರು ಪರೀಕ್ಷಕರು, ಪೆನ್ನು ಎತ್ತಿ ಹಿಡಿದು.

ಪುಟ್ಟ ಕುರ್ಚಿಗಳು ಕಣ್ಣ ಮುಂದೆ ಹಾದು ಹೋದವು. ಗೊತ್ತು ಅಂದರೆ ಏನಾಗುತ್ತದೋ, ಇಲ್ಲ ಅಂದರೆ ಅಜ್ಜಿಯ ಶಿವ ಸುಮ್ಮನಿರುತ್ತಾನೋ? "ಸರ್, ನಮ್ಮ ಜನ ಹೀಗೇ," ಎಂದೆ. "ಕಾರು ನಿಂತರೆ ಪೂಜೆ ಮಾಡ್ತಾರೆ."

ಅವರು ಪೆನ್ನು ಇಳಿಸಿದರು. "ಹನ್ನೊಂದು ವರ್ಷದಿಂದ ಈ ಕೆಲಸ ಮಾಡ್ತಿದೀನಿ," ಎಂದರು ಮೆಲ್ಲಗೆ. "ದಿನಾ ಹೊಸಬರ ಪಕ್ಕ ಕೂರ್ತೀನಿ. ನನಗೂ ಒಂದು ಹೂವು ಸಿಗುತ್ತಾ?"

ಕಿಟಕಿ ಇಳಿಸಿ ಹೇಳಿದೆ. ಅಜ್ಜಿ ಬಂದು ಅವರ ಹಲಗೆಯ ಮೇಲೆ ಒಂದು ಹೂವು ಇಟ್ಟು, "ನೂರು ವರ್ಷ ಬಾಳಪ್ಪಾ" ಎಂದರು. ನಾನು ಅನುವಾದಿಸಿದೆ. ಅಜ್ಜಿ ಪೂರ್ತಿ ಆಚೆ ದಾಟುವ ತನಕ ಕಾದು, ಎರಡೂ ಕಡೆ ನೋಡಿ, ಹೊರಟೆ. ಹಾಳೆಯಲ್ಲಿ ಅವರು ಬರೆದದ್ದನ್ನು ಆಮೇಲೆ ನೋಡಿದೆ: ಪಾದಚಾರಿಗಳ ವಿಷಯದಲ್ಲಿ ಅತ್ಯುತ್ತಮ ತಾಳ್ಮೆ.

ಪಾಸಾದೆ! ಆಫೀಸಿನ ಬಾಗಿಲಲ್ಲೇ ನಾನು ಅತ್ತೆ. ಗಂಡ ಗಲಿಬಿಲಿಗೊಂಡು, "ಹೋಗ್ಲಿ ಬಿಡು, ಮುಂದಿನ ವರ್ಷ..." ಎಂದು ಶುರು ಮಾಡಿದರು. ಹಾಳೆ ಮುಖಕ್ಕೆ ಹಿಡಿದೆ.

ಮನೆಗೆ ನಾನೇ ಓಡಿಸಿದೆ. "ಕಣಗಿಲೆ ಬೀದೀಲಿ ತಗೋ, ಶಾರ್ಟ್‌ಕಟ್ಟು. ಆಫೀಸಿಗೆ ದಿನಾ ಅಲ್ಲೇ ಹೋಗೋದು ನಾನು," ಎಂದರು ಗಂಡ. ತಗೊಂಡೆ. ತಾಟಿನ ಮುಂದೆ ನಿಲ್ಲಿಸಿದೆ.

"ಯಾಕೆ ನಿಲ್ಲಿಸ್ದೆ? ಮತ್ತೆ ಹೂವು ನೋಡೋಕೆ ಶುರುವಾಯ್ತಾ? ಕಣ್ಣು ರಸ್ತೆ..."

"ಸ್ಟಾಪ್ ಸೈನು ರೀ."

"ಎಲ್ಲಿ?"

ತೋರಿಸಿದೆ. ಅವರು ನೋಡಿದರು. ಇನ್ನೊಂದು ಸಲ ನೋಡಿದರು. "ಓ, ಈಗ ಹೊಸದಾಗಿ ಹಾಕಿದಾರೆ," ಎಂದರು.

"ಕಂಬ ತುಕ್ಕು ಹಿಡಿದಿದೆ ನೋಡ್ರೀ."

ಹಿಂದಿನ ಸೀಟಿನಿಂದ ಮಗಳು ಕೇಳಿದಳು: "ಡ್ಯಾಡ್, ಸೋ ಯು ಫೇಲ್ಡ್ ಎವ್ರಿ ಡೇ? ಫಾರ್ ಸೆವೆನ್ ಇಯರ್ಸ್?"

ಮನೆ ತಲುಪುವ ತನಕ ಅವರು ಇಲ್ಲದ ಬ್ರೇಕನ್ನೂ ತುಳಿಯಲಿಲ್ಲ.

ನಮಗಿರುವುದು ಒಂದೇ ಕಾರು. ಸೋಮವಾರ ನಾನು ಅದನ್ನು ತೆಗೆದುಕೊಂಡು ಎರಡು ಫ್ರೀವೇ ದಾಟಿ ಏಳು ಇಪ್ಪತ್ತೈದಕ್ಕೆ ಲಾಸ್ ಗ್ಯಾಟೋಸ್ ಮುಟ್ಟಿದೆ. ಚೀಟಿಯ ಮೇಲೆ ನನ್ನ ಹೆಸರು ಬರೆದು ಅಂಟಿಸಿದರು. ಗಂಡ ಎಂಟು ವರ್ಷದಲ್ಲಿ ಮೊದಲ ಸಲ ಊರಿನೊಳಗೆ ನಡೆದುಕೊಂಡು ಹೊರಟರು. ಅವರ ಆಫೀಸಿನ ಶಟಲ್ ಬಸ್ಸು ನಿಲ್ಲುವುದು ಟೈರ್ ಅಂಗಡಿಯ ಆಚೆ ಮಗ್ಗುಲಿಗೆ.

ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಫೋನು ನೋಡಿದೆ. ಬೆಳಿಗ್ಗೆ ಎಂಟೂ ಕಾಲಿಗೆ ಅವರೊಂದು ಫೋಟೋ ಕಳಿಸಿದ್ದರು. ಟೈರಿನ ಗೋಪುರ, ಹಸಿರು ಎಲೆ, ನಡುವೆ ಕೆಂಪಗೆ ಒಂದೇ ಒಂದು ಟೊಮ್ಯಾಟೊ, ಮೂಲೆಯಲ್ಲಿ ಅವರ ಹೆಬ್ಬೆರಳು. ಕೆಳಗೆ ಬರೆದಿದ್ದರು: "ಹಣ್ಣಾಗಿದೆ ನೋಡು! ನೋಡ್ತಾ ನಿಂತೆ, ಬಸ್ಸು ಹೋಗೇಬಿಡ್ತು. ಇನ್ನೊಂದು ವಿಷಯ. ಇಲ್ಲಿ ಯಾರೋ ಜ್ಯಾಕು ಹಿಡ್ಕೊಂಡು ಬಂದು ಕಾರೆಲ್ಲಿ ಅಂತ ಕೇಳ್ತಿದಾರೆ. ಏನು ಹೇಳ್ಲಿ?"

ಎದುರಿಗೆ ಹದಿನೆಂಟು ಮಕ್ಕಳು ಮಲಗಿದ್ದವು, ಒತ್ತಲು ಸೆರಗಿಲ್ಲದೆ ಬಾಯಿಗೆ ತೋಳು ಒತ್ತಿಕೊಂಡು ನಕ್ಕೆ. ಆಮೇಲೆ ಎಂಟು ವರ್ಷದ ಬಾಕಿ ಒಂದೇ ಸಾಲಿನಲ್ಲಿ ತೀರಿಸಿದೆ:

"ಕಣ್ಣು ರಸ್ತೆ ಮೇಲಿರಲಿ."